ಪಾಠದ ವಿಡಿಯೊಗೆ ಒಬಿಎಸ್ ಸ್ಟುಡಿಯೊ: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷದಿಂದ ನನ್ನ ಆನ್‌ಲೈನ್ ಗಣಿತ ಪಾಠಗಳನ್ನೆಲ್ಲ ಒಬಿಎಸ್ ಸ್ಟುಡಿಯೊದಲ್ಲೇ ರೆಕಾರ್ಡ್ ಮಾಡುತ್ತಿದ್ದೇನೆ. ಕಂಪ್ಯೂಟರ್ ಪರದೆ, ಕ್ಯಾಮೆರಾ, ಮಾತು ಎಲ್ಲವನ್ನೂ ವಿಡಿಯೊ ಮಾಡಿಕೊಡುವ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಮೊದಲ ದಿನ ಬರೀ ಕಪ್ಪು ಪರದೆ ಕಂಡು ಗಾಬರಿಯಾಗಿತ್ತು, ಸೋರ್ಸ್ (ಕ್ಯಾಮೆರಾ, ಸ್ಲೈಡ್‌ನಂಥ ಒಂದೊಂದು ಮೂಲ) ಯಾವುದು, ಸೀನ್ (ಅವನ್ನು ಜೋಡಿಸಿಟ್ಟ ಪರದೆಯ ನೋಟ) ಯಾವುದು ಅಂತ ಕೈಗೆ ಹತ್ತಲು ಒಂದು ವಾರ ಬೇಕಾಯಿತು.

ಈಗ ನನಗೆ ಜಾಸ್ತಿ ಇಷ್ಟ ಆ ಸೀನ್‌ಗಳೇ. ಮೂರು ಮಾಡಿಕೊಂಡಿದ್ದೇನೆ: ಬರೀ ಮುಖ, ಬರೀ ಸ್ಲೈಡ್, ಮೇಲಿನ ಕ್ಯಾಮೆರಾದಲ್ಲಿ ಕಾಣುವ ಹಾಳೆ. ಒಂದೊಂದಕ್ಕೂ ಒಂದು ಹಾಟ್‌ಕೀ, ಅಂದರೆ ಒತ್ತಿದ ಕೂಡಲೇ ಆ ಸೀನ್‌ಗೆ ಹೋಗುವ ಕೀಲಿ. ಮೊದಲೆಲ್ಲ ಸ್ಲೈಡ್ ತುಂಬ ಬರೆದು, ಮೂಲೆಯಲ್ಲಿ ಮುಖ ಇಟ್ಟು, ಬರೆದದ್ದನ್ನೇ ಓದುತ್ತಿದ್ದೆ. ಒಬ್ಬ ಹುಡುಗಿ ಕೇಳಿದಳು, "ಮೇಡಂ, ಈಗ ಯಾವ ಸಾಲಲ್ಲಿದ್ದೀರಿ?" ಅವಳು ನನಗಿಂತ ಬೇಗ ಓದಿಕೊಂಡು ಹೋಗುತ್ತಿದ್ದಳು, ಕಣ್ಣಿಗೆ ಒಂದು ಸಾಲು, ಕಿವಿಗೆ ಇನ್ನೊಂದು. ಚಿತ್ರದ ಜೊತೆ ಮಾತಿದ್ದಾಗ ಅದೇ ಮಾತನ್ನು ಅಕ್ಷರದಲ್ಲೂ ತುಂಬಿದರೆ ಕಲಿಯುವವರಿಗೆ ಹೊರೆ ಅಂತ ರಿಚರ್ಡ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಯೋಗ ಮಾಡಿಯೇ ಹೇಳಿದ್ದಾರೆ. ಈಗ 3/4 ಮತ್ತು 1/8 ಕೂಡಿಸಲು ಹಾಳೆಯ ಸೀನ್‌ಗೆ ಹೋಗುತ್ತೇನೆ. ಪಟ್ಟಿ ಎಳೆದು ನಾಲ್ಕು ಭಾಗ ಮಾಡಿ ಮೂರಕ್ಕೆ ಬಣ್ಣ ಹಚ್ಚುತ್ತೇನೆ. ಪ್ರತಿ ಭಾಗದ ನಡುವೆ ಗೆರೆ ಹಾಕುತ್ತಲೇ "ನೋಡಿ, ಮೂರು ಇದ್ದದ್ದು ಆರಾಯ್ತು" ಅನ್ನುತ್ತೇನೆ. ಪರದೆಯಲ್ಲಿ ಬೇರೆ ಏನೂ ಇರುವುದಿಲ್ಲ.

ಧ್ವನಿಗೆ ನಾಯ್ಸ್ ಸಪ್ರೆಷನ್ ಫಿಲ್ಟರ್ ಇದೆ, ಫ್ಯಾನ್ ಸದ್ದು ಚೆನ್ನಾಗಿ ಇಳಿಯುತ್ತದೆ. ಮಾತಾಡುವಾಗ ಧ್ವನಿಯ ಮಟ್ಟ ತೋರಿಸುವ ಮೀಟರ್ ಹಳದಿಯಲ್ಲಿರಲಿ, ಕೆಂಪು ಮುಟ್ಟಬಾರದು. ಚಿತ್ರ ಸ್ವಲ್ಪ ಮಸುಕಾದರೂ ಮಕ್ಕಳು ನೋಡುತ್ತಾರೆ, ಮಾತು ಒಡೆದರೆ ಬಿಟ್ಟೇಬಿಡುತ್ತಾರೆ.

ಒಂದು ಮಾತು ಮರೆಯಬೇಡಿ: ನೇರ ಮಾಮೂಲಿ ಎಂಪಿ4 ಫೈಲ್‌ಗೆ ರೆಕಾರ್ಡ್ ಮಾಡಬೇಡಿ. ನಾನು ಹಾಗೆ ಮಾಡಿ, ನಡುವೆ ಕರೆಂಟ್ ಹೋಗಿ, 40 ನಿಮಿಷದ ಪಾಠ ತೆರೆಯಲೇ ಆಗದೆ ಹೋಯಿತು. ಎಂಕೆವಿ ಎಂಬ ಇನ್ನೊಂದು ಬಗೆಯ ವಿಡಿಯೊ ಫೈಲ್‌ನಲ್ಲಿ ಅಲ್ಲಿಯವರೆಗಿನದಾದರೂ ಉಳಿಯುತ್ತದೆ, ಆಮೇಲೆ ಒಬಿಎಸ್‌ನಲ್ಲೇ ರೀಮಕ್ಸ್ ಮಾಡಿ (ವಿಡಿಯೊ ಹಾಗೇ ಇಟ್ಟು ಫೈಲ್‌ನ ಬಗೆ ಮಾತ್ರ ಬದಲಿಸಿ) ಎಂಪಿ4 ಮಾಡಿಕೊಳ್ಳಬಹುದು.

ಇದರಲ್ಲಿ ಎಡಿಟಿಂಗ್ ಇಲ್ಲ. ಕತ್ತರಿಸಲು, ಜೋಡಿಸಲು ಬೇರೆ ಸಾಫ್ಟ್‌ವೇರ್ ಬೇಕು. ಮೊದಲು ಇದೇ ದೊಡ್ಡ ಕೊರತೆ ಅನಿಸಿತ್ತು, ಆಮೇಲೆ ಪಾಠವನ್ನೇ ತುಂಡು ಮಾಡಿ ರೆಕಾರ್ಡ್ ಮಾಡತೊಡಗಿದೆ. ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಕೋರ್ಸ್‌ಗಳ ಮೇಲೆ 2014ರಲ್ಲಿ ಬಂದ ಅಧ್ಯಯನದಲ್ಲೂ 6 ನಿಮಿಷದೊಳಗಿನ ವಿಡಿಯೊಗಳನ್ನೇ ಜನ ಹೆಚ್ಚು ಮನಸ್ಸಿಟ್ಟು ನೋಡಿದ್ದು ಕಂಡುಬಂದಿತ್ತು. ಹೋದ ವಾರ ಭಿನ್ನರಾಶಿಯ ಮೂರನೇ ತುಂಡಿನಲ್ಲಿ ತಪ್ಪು ಸಿಕ್ಕಿತು. ಅದೊಂದನ್ನೇ ಮತ್ತೆ ಮಾಡಿದೆ, ಐದು ನಿಮಿಷದಲ್ಲಿ ಮುಗಿಯಿತು.