ಕ್ಲೌನ್ ಮೀನಿನ ಜೋಡಿಗೆ ಮೊದಲ ಹವಳ: ಟೋಡ್‌ಸ್ಟೂಲ್, ಫ್ರಾಗ್‌ಸ್ಪಾನ್, ಡಂಕನ್, ಟಾರ್ಚ್ ವಿಮರ್ಶೆ

ಹೊಸದಾಗಿ ರೀಫ್ ಟ್ಯಾಂಕ್ (ಹವಳ ಬೆಳೆಸುವ ಉಪ್ಪುನೀರಿನ ತೊಟ್ಟಿ) ಇಟ್ಟವರು ಆಸಿಲಾರಿಸ್ ಕ್ಲೌನ್ ಜೋಡಿ ತಂದ ಮೇಲೆ ಅದಕ್ಕೆ ಮನೆಯಾಗುವ ಅನಿಮೋನ್ (ಚುಚ್ಚುವ ಎಳೆಗಳಿರುವ ಮೆದು ಮೈಯ ಕಡಲ ಪ್ರಾಣಿ) ಹುಡುಕಲು ಹೊರಡುತ್ತಾರೆ. ಆರು ತಿಂಗಳು ತುಂಬದ ಟ್ಯಾಂಕಿಗೆ ಅನಿಮೋನ್ ಬೇಡ. ಬಬಲ್ ಟಿಪ್ ಅನಿಮೋನ್‌ಗೆ ಜಾಗ ಹಿಡಿಸದಿದ್ದರೆ ಅದು ಬಂಡೆ ಬಿಟ್ಟು ನಡೆಯುತ್ತದೆ, ದಾರಿಯಲ್ಲಿ ಸಿಕ್ಕ ಹವಳಗಳನ್ನು ಚುಚ್ಚುತ್ತದೆ. ನೀರನ್ನು ಅಲುಗಿಸುವ ಪಂಪಾದ ವೇವ್‌ಮೇಕರ್‌ಗೆ ಸಿಕ್ಕಿ ಚೂರಾದರೆ ಅಮೋನಿಯಾ ಏರಿ ಮೀನುಗಳೂ ಸಾಯಬಹುದು. ಹವಳ ಅಂಟಿಸಿದಲ್ಲೇ ಇರುತ್ತದೆ. ಅನಿಮೋನ್ ಇಲ್ಲದಾಗ ಕ್ಲೌನ್ ಮೀನು ಮೆತ್ತಗೆ ಓಲಾಡುವ ಹವಳವನ್ನೇ ಮನೆ ಮಾಡಿಕೊಳ್ಳುವುದುಂಟು.

ಆದರೆ ಕಡಲಿನಲ್ಲಿ ಈ ಮೀನಿನ ಜೊತೆಗಾರ ಹವಳವಲ್ಲ, ಅನಿಮೋನ್. ಅನಿಮೋನ್‌ನ ಮೈಯಲ್ಲಿ ಮೂಳೆಯಂಥದ್ದೇನೂ ಇಲ್ಲ. ಮೀನು ಎಷ್ಟು ಉಜ್ಜಿದರೂ ತಡೆದುಕೊಳ್ಳುತ್ತದೆ. ಕಲ್ಲು ಹವಳದ ತೆಳು ಮಾಂಸದ ಅಡಿಯಲ್ಲಿ ಚೂಪಾದ ಸುಣ್ಣದ ಅಂಚಿದೆ. ಹಗಲಿಡೀ ಮೀನು ಮೈ ಉಜ್ಜಿದರೆ ಮಾಂಸ ಆ ಅಂಚಿಗೆ ತಾಗಿ ಹರಿಯುತ್ತದೆ, ಹವಳ ಬಿಚ್ಚಿಕೊಳ್ಳುವುದನ್ನೇ ನಿಲ್ಲಿಸುತ್ತದೆ, ಬೆಳಕೂ ಆಹಾರವೂ ಸಾಲದೆ ಸೊರಗುತ್ತದೆ. ಹಾಗಾಗಿ ಇಲ್ಲಿ ನೋಡಬೇಕಾದ್ದು ಯಾವ ಹವಳವನ್ನು ಮೀನು ಇಷ್ಟಪಡುತ್ತದೆ ಎಂಬುದಕ್ಕಿಂತ, ಯಾವ ಹವಳ ಮೀನನ್ನು ತಾಳಿಕೊಳ್ಳುತ್ತದೆ ಎಂಬುದನ್ನು. ಅದರಲ್ಲೂ ಜಾತಿಗಿಂತ ಗಾತ್ರ ಮುಖ್ಯ. ಬೆಳೆದ ಹೆಣ್ಣು ಆಸಿಲಾರಿಸ್ 8–9 ಸೆಂ.ಮೀ. ಇರುತ್ತದೆ. ಅಂಗಡಿಯಲ್ಲಿ ಸಿಗುವ ಒಂದೆರಡು ತಲೆಯ ಸಣ್ಣ ಹವಳದ ತುಂಡು (ಫ್ರ್ಯಾಗ್) ಅದರ ಮುಂದೆ ಏನೂ ಅಲ್ಲ. ಬಿಚ್ಚಿಕೊಂಡಾಗ ಮೀನಿನ ಎರಡರಷ್ಟಾದರೂ ಅಗಲವಾಗುವ ಹವಳವನ್ನೇ ಕೊಳ್ಳಿ. ಚಿಕ್ಕದನ್ನು ತಂದು ಬೆಳೆಸೋಣ ಎಂಬ ಲೆಕ್ಕ ಕ್ಲೌನ್ ಇರುವ ಟ್ಯಾಂಕಿನಲ್ಲಿ ಬಹಳ ಸಲ ಕೈಕೊಡುತ್ತದೆ.

ಈ ಅಳತೆಯಲ್ಲಿ ಮೊದಲ ಸ್ಥಾನ ಟೋಡ್‌ಸ್ಟೂಲ್‌ಗೆ, ಅಂದರೆ ಅಣಬೆ ಆಕಾರದ ಸಾರ್ಕೊಫೈಟನ್ ಲೆದರ್ ಹವಳಕ್ಕೆ. ಇದು ಮೃದು ಹವಳ, ಒಳಗೆ ಗಟ್ಟಿ ಅಸ್ಥಿಪಂಜರ ಇಲ್ಲ. ಮೀನು ಟೊಪ್ಪಿಯ ಮೇಲೆ ಹೊರಳಾಡಿದರೆ ಪಾಲಿಪ್‌ಗಳು (ಹವಳದ ಎಳೆಗಳಂಥ ಪುಟ್ಟ ಬಾಯಿಗಳು) ಒಳಗೆ ಸೇರಿಕೊಳ್ಳುತ್ತವೆ, ಮೀನು ಸರಿದ ಮೇಲೆ ಮತ್ತೆ ಹೊರಬರುತ್ತವೆ. ಟೊಪ್ಪಿ 15 ಸೆಂ.ಮೀ. ಅಗಲ ಇದ್ದರೆ ಒಂದು ಜೋಡಿಗೆ ಸಾಕು. 75ರಿಂದ 150 ಪಾರ್ (ಹವಳಕ್ಕೆ ಉಪಯೋಗವಾಗುವ ಬೆಳಕಿನ ಅಳತೆ) ಬೆಳಕು, ಮಧ್ಯಮ ಹರಿವು ಕೊಟ್ಟರೆ ಆಯಿತು. ಮೀನಿನ ತ್ಯಾಜ್ಯದಿಂದ ನೀರಿಗೆ ಸೇರುವ ನೈಟ್ರೇಟ್ 10–15 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಇದ್ದರೂ ಗೊಣಗುವುದಿಲ್ಲ.

ಹೊಸಬರು ಹೆದರುವುದು ಇದು ಪೊರೆ ಬಿಡುವಾಗ. ಆಗಾಗ ಟೋಡ್‌ಸ್ಟೂಲ್ ಕುಗ್ಗಿ, ಪಾಲಿಪ್‌ಗಳನ್ನೆಲ್ಲ ಒಳಗೆಳೆದುಕೊಂಡು, ಮೇಣ ಹಚ್ಚಿದಂತೆ ಹೊಳೆಯುತ್ತದೆ. ಮೂರು ದಿನದಿಂದ ಒಂದು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಹಾಗೇ ಇರುತ್ತದೆ. ಸತ್ತಿತೆಂದು ಕಿತ್ತು ಎಸೆದವರು ಎಷ್ಟೋ ಮಂದಿ. ಆ ಮೇಲ್ಪೊರೆ ಕಳಚಿ ಹೋಗಲು ಹರಿವು ಬೇಕು. ವೇವ್‌ಮೇಕರನ್ನು ಸ್ವಲ್ಪ ಅತ್ತ ತಿರುಗಿಸಿ, ಕೈಯಿಂದ ಉಜ್ಜಬೇಡಿ. ಕೆಟ್ಟ ವಾಸನೆ ಬಂದು, ಕಪ್ಪಾಗಿ ಕರಗುವ ತೇಪೆ ಕಂಡರೆ ಮಾತ್ರ ಅದು ಕೊಳೆತ. ಸುತ್ತಲಿನ ಒಂದು ಸೆಂ.ಮೀ. ಆರೋಗ್ಯವಂತ ಭಾಗವನ್ನೂ ಸೇರಿಸಿ ಹೊಸ ಬ್ಲೇಡಿನಿಂದ ಕತ್ತರಿಸಿ ತೆಗೆಯಿರಿ.

ಕೊರತೆಗಳೂ ಇವೆ. ಲೆದರ್ ಹವಳ ನೀರಿಗೆ ಬಿಡುವ ರಾಸಾಯನಿಕಗಳು ಪಕ್ಕದ ಕಲ್ಲು ಹವಳಗಳ ಬೆಳವಣಿಗೆಯನ್ನು ತಡೆಯುತ್ತವೆ. 100 ಲೀಟರಿಗೆ ಸುಮಾರು ಅರ್ಧ ಕಪ್ ಆಕ್ಟಿವೇಟೆಡ್ ಕಾರ್ಬನ್ ಇಟ್ಟು ತಿಂಗಳಿಗೊಮ್ಮೆ ಬದಲಿಸುತ್ತಿರಿ. ಇದರ ಜಾರು ಮೈಗೆ ಸೂಪರ್ ಗ್ಲೂ ಹಿಡಿಯುವುದಿಲ್ಲ. ಬಂಡೆಗೆ ಅಂಟಿಕೊಂಡಿರುವುದನ್ನೇ ಕೊಳ್ಳಿ. ಬಿಡಿ ತುಂಡಾದರೆ ಕಲ್ಲಿನ ಚೂರಿಗೆ ರಬ್ಬರ್ ಬ್ಯಾಂಡ್ ಸಡಿಲವಾಗಿ ಸುತ್ತಿ ಎರಡು ಮೂರು ವಾರ ಬಿಡಿ, ತಾನಾಗಿ ಹಿಡಿದುಕೊಳ್ಳುತ್ತದೆ.

ಎರಡನೆಯದು ಕವಲೊಡೆಯುವ ಫ್ರಾಗ್‌ಸ್ಪಾನ್. ಹ್ಯಾಮರ್ ಅದರ ದಾಯಾದಿ, ಆರೈಕೆಯೂ ಒಂದೇ. ನೋಡಲು ಟೋಡ್‌ಸ್ಟೂಲ್‌ಗಿಂತ ಎಷ್ಟೋ ಚೆಂದ, ಕ್ಲೌನ್ ಕೂಡ ಬೇಗ ಒಪ್ಪುತ್ತದೆ. ಕೊಳ್ಳುವಾಗ ಪ್ರತಿ ತಲೆಗೂ ಬೇರೆ ಕಾಂಡ ಇರುವ ಕವಲು ಜಾತಿಯನ್ನೇ ಆರಿಸಿ, ಗೋಡೆಯಂತೆ ಒಂದೇ ಪಟ್ಟಿಯಾಗಿ ಬೆಳೆದದ್ದು ಬೇಡ. ಪಟ್ಟಿಯ ಒಂದು ತುದಿಯಲ್ಲಿ ಕೊಳೆತ ಶುರುವಾದರೆ ಇನ್ನೊಂದು ತುದಿಯವರೆಗೆ ಓಡುತ್ತದೆ. ಕವಲಿನದಾದರೆ ಕೆಟ್ಟ ತಲೆಯನ್ನಷ್ಟೇ ಕತ್ತರಿಸಬಹುದು. ಆರೆಂಟು ತಲೆಗಿಂತ ಕಡಿಮೆಯದು ಕ್ಲೌನ್ ಜೋಡಿಗೆ ಸಾಲದು. ನೀರಿನ ಲೆಕ್ಕ ಇಲ್ಲಿ ಬಿಗಿ: ಉಪ್ಪಿನಂಶ 35 ಪಿಪಿಟಿ (ಸಾವಿರಕ್ಕೆ 35 ಭಾಗ), ಆಲ್ಕಲಿನಿಟಿ (ನೀರಿನ ಕ್ಷಾರ ಗುಣ) 8–9 ಡಿಕೆಹೆಚ್, ಕ್ಯಾಲ್ಸಿಯಂ 400–450, ಮೆಗ್ನೀಸಿಯಂ 1250–1350 ಪಿಪಿಎಂ. ಆಲ್ಕಲಿನಿಟಿ 8 ಇದೆಯೋ 9 ಇದೆಯೋ ಎನ್ನುವುದಕ್ಕಿಂತ, ಒಂದೇ ದಿನದಲ್ಲಿ ಅದು ಒಂದು ಡಿಕೆಹೆಚ್ ಜಿಗಿಯದಿರುವುದು ಹೆಚ್ಚು ಮುಖ್ಯ.

ಇದರ ದೊಡ್ಡ ಶತ್ರು ಬ್ರೌನ್ ಜೆಲ್ಲಿ ಎಂಬ ರೋಗ. ಒಂದು ತಲೆಯ ಮೇಲೆ ಕಂದು ಲೋಳೆ ಕಂಡ ಕೂಡಲೇ ಮೊದಲು ಪಂಪುಗಳನ್ನೆಲ್ಲ ನಿಲ್ಲಿಸಿ, ಇಲ್ಲದಿದ್ದರೆ ಆ ಲೋಳೆ ಹಾರಿ ಪಕ್ಕದ ತಲೆಗಳಿಗೆ ಕೂರುತ್ತದೆ. ಸಣ್ಣ ಪೈಪಿನಿಂದ ಲೋಳೆಯನ್ನು ಹೊರಗೆಳೆದು, ಹವಳವನ್ನು ತೆಗೆದು, ಆ ತಲೆಯನ್ನು ಕಾಂಡದ ಸಮೇತ ಕತ್ತರಿಸಿ, ಉಳಿದದ್ದನ್ನು ಹವಳಕ್ಕೆಂದೇ ಮಾರುವ ಅಯೋಡಿನ್ ಡಿಪ್‌ನಲ್ಲಿ ಬಾಟಲಿಯ ಅಳತೆಯಂತೆ ಅದ್ದಿ.

ಡಂಕನ್ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಗಟ್ಟಿಮುಟ್ಟಾದ ಹವಳ, ವಾರಕ್ಕೆರಡು ಬಾರಿ ಮೈಸಿಸ್ (ಪುಟ್ಟ ಸಿಗಡಿಯಂಥ ಆಹಾರ) ಕೊಟ್ಟರೆ ತಲೆಗಳು ಬೇಗ ಹೆಚ್ಚುತ್ತವೆ. ಟೆಂಟಕಲ್ (ಓಲಾಡುವ ಎಳೆ) ಗಿಡ್ಡ, ಹಾಗಾಗಿ ಅನೇಕ ಕ್ಲೌನ್‌ಗಳು ತಿರುಗಿಯೂ ನೋಡುವುದಿಲ್ಲ. ಹವಳವಾಗಿ ಉತ್ತಮ, ಮನೆಯಾಗಿ ಸಾಧಾರಣ.

ಟಾರ್ಚ್ ಎಲ್ಲರ ಕಣ್ಣು ಸೆಳೆಯುವ ಹವಳ. ಉದ್ದ ಟೆಂಟಕಲ್ ಅನಿಮೋನ್‌ಗೆ ತೀರಾ ಹತ್ತಿರ, ಮೀನಿಗೂ ಬಲು ಇಷ್ಟ. ಮೊದಲ ವರ್ಷ ಇದನ್ನು ಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳುತ್ತೇವೆ. ಬೆಲೆ ಹೆಚ್ಚು, ಬ್ರೌನ್ ಜೆಲ್ಲಿಗೆ ಬೇಗ ತುತ್ತಾಗುತ್ತದೆ, ಚುಚ್ಚುವ ಶಕ್ತಿಯೂ ಜೋರು. ಸುತ್ತ 15–20 ಸೆಂ.ಮೀ. ಖಾಲಿ ಬಿಡಬೇಕು. ಫ್ರಾಗ್‌ಸ್ಪಾನ್ ಮತ್ತು ಹ್ಯಾಮರ್ ಒಂದಕ್ಕೊಂದು ತಾಗಿದರೂ ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ, ಟಾರ್ಚ್ ಅವೆರಡನ್ನೂ ಸುಡುತ್ತದೆ.

ಎಲಿಫೆಂಟ್ ಇಯರ್ ಮಶ್ರೂಮ್ ಎಂಬ, ಹವಳವನ್ನು ಹೋಲುವ ಅಗಲ ಜೀವಿಯನ್ನು ಕ್ಲೌನ್‌ಗೆಂದು ಯಾರಾದರೂ ತೋರಿಸಿದರೆ ಬೇಡವೆನ್ನಿ. ಅದು ಅಂಚುಗಳನ್ನು ಚೀಲದಂತೆ ಮುಚ್ಚಿ ಮೀನನ್ನೇ ನುಂಗಬಲ್ಲದು. ಗೋನಿಯೊಪೋರಾ ಎಂಬ ಹವಳ ಹೊಸ ಟ್ಯಾಂಕಿನಲ್ಲಿ ನಿಲ್ಲುವುದು ಕಷ್ಟ.

ಭಾರತದಲ್ಲಿರುವವರಿಗೆ ಟೋಡ್‌ಸ್ಟೂಲ್ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಫ್ರಾಗ್‌ಸ್ಪಾನ್, ಡಂಕನ್, ಟಾರ್ಚ್ ಮೂರೂ ಕಲ್ಲು ಹವಳಗಳು. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನಮ್ಮ ಕಡಲಿನಿಂದ ಕಿತ್ತದ್ದನ್ನು ಮಾರುವುದು, ಕೊಳ್ಳುವುದು ಶಿಕ್ಷಾರ್ಹ. ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲೂ ಇರುವುದರಿಂದ ಹೊರದೇಶದ್ದಕ್ಕೂ ಪರವಾನಗಿ ಬೇಕು. ಕಾಗದಪತ್ರ ತೋರಿಸದ ಅಂಗಡಿಯಿಂದ ಕೊಳ್ಳಲೇಬೇಡಿ. ಅಮೆರಿಕ, ಯುರೋಪಿನಲ್ಲಿರುವ ಕನ್ನಡಿಗರಿಗೆ ಟ್ಯಾಂಕಿನಲ್ಲೇ ಬೆಳೆಸಿದ ಫ್ರಾಗ್‌ಸ್ಪಾನ್ ಸುಲಭವಾಗಿ ಸಿಗುತ್ತದೆ, ಅದನ್ನೇ ಕೇಳಿ ಪಡೆಯಿರಿ. ಮೀನಿನ ವಿಷಯದಲ್ಲೂ ಹಾಗೆಯೇ. ಕ್ಲೌನ್ ಮರಿ ಮಾಡಿಸುವ ತಂತ್ರವನ್ನು ನಮ್ಮ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ರೂಪಿಸಿದೆ, ಕಡಲಿನಿಂದ ಹಿಡಿದದ್ದು ಬೇಕಿಲ್ಲ.

ಯಾವ ಹವಳವೇ ಆಗಲಿ, ಟ್ಯಾಂಕಿಗೆ ಮೂರು ತಿಂಗಳಾದ ಮೇಲೆ ತನ್ನಿ. ಹವಳದ ಡಿಪ್‌ನಲ್ಲಿ ಅದ್ದಿ, ಚಪ್ಪಟೆ ಹುಳು, ಐಪ್ಟೇಸಿಯಾ (ಕಳೆಯಂತೆ ಹಬ್ಬುವ ಸಣ್ಣ ಅನಿಮೋನ್) ಇದೆಯೇ ನೋಡಿ, ಮೊದಲೆರಡು ವಾರ ಕೆಳಗೆ ಮಂದ ಬೆಳಕಿನಲ್ಲಿಡಿ. ಮೀನು ಆಗಲೇ ಇದ್ದರೆ ಹವಳದ ಮೇಲೆ ದೊಡ್ಡ ಕಣ್ಣಿನ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿ. ಬೆಳಕು, ಹರಿವು ಒಳಹೋಗಬೇಕು, ಮೀನು ಹೋಗಬಾರದು. ನಂತರ ಜೋಡಿ ರಾತ್ರಿ ಮಲಗುವ ಮೂಲೆಯ ಹತ್ತಿರ ಅಂಟಿಸಿ. ಮೀನನ್ನು ಬಲೆಯಿಂದ ಅತ್ತ ಅಟ್ಟಬೇಡಿ. ಕೆಲವು ದಿನದಲ್ಲೇ ಒಪ್ಪಬಹುದು, ತಿಂಗಳುಗಟ್ಟಲೆ ಆಗಬಹುದು, ಒಪ್ಪದೆಯೂ ಇರಬಹುದು. ಬೇಟೆಗಾರ ಮೀನುಗಳಿಲ್ಲದ ಟ್ಯಾಂಕಿನಲ್ಲಿ ಮನೆ ಇಲ್ಲದೆಯೂ ಕ್ಲೌನ್ ಆರೋಗ್ಯವಾಗಿ ಬಾಳುತ್ತದೆ.

ಒಪ್ಪಿಕೊಂಡ ಮೇಲೆ ದಿನವೂ ನೋಡಬೇಕಾದ್ದು ಹವಳವನ್ನು. ಮಧ್ಯಾಹ್ನದ ಪೂರ್ಣ ಬೆಳಕಿನಲ್ಲೂ ನಾಲ್ಕೈದು ದಿನ ಬಿಚ್ಚಿಕೊಳ್ಳದಿದ್ದರೆ, ಅಥವಾ ಕಾಂಡದ ಅಂಚಿನಲ್ಲಿ ಬಿಳಿ ಸುಣ್ಣ ಕಾಣತೊಡಗಿದರೆ, ಮತ್ತೆ ಬುಟ್ಟಿ ಮುಚ್ಚಿ ಎರಡು ವಾರ ಬಿಡುವು ಕೊಡಿ. ಮರುಕಳಿಸಿದರೆ ಟ್ಯಾಂಕಿನ ಇನ್ನೊಂದು ತುದಿಗೆ ಸಾಗಿಸಿ. ಕ್ಲೌನ್‌ಗಳು ದೊಡ್ಡ ಆಹಾರದ ತುಂಡುಗಳನ್ನು ತಂದು ಹವಳದೊಳಗೆ ತುರುಕುತ್ತವೆ. ಅದು ಅಲ್ಲೇ ಕೊಳೆತು ಸೋಂಕಿಗೆ ದಾರಿಯಾಗುವುದರಿಂದ ಸಣ್ಣ ಕಾಳಿನ ಪೆಲೆಟ್ ಹಾಕಿ.

ಬೇಸಿಗೆಯಲ್ಲಿ ನೀರನ್ನು 25–26 ಡಿಗ್ರಿಯಲ್ಲಿ ಹಿಡಿಯಲು ಬೆಂಗಳೂರಿನಂಥ ಒಣಹವೆಯಲ್ಲಿ ನೀರಿನ ಮೇಲೆ ಬೀಸುವ ಫ್ಯಾನ್ ಎರಡು ಡಿಗ್ರಿಯಷ್ಟು ಇಳಿಸಬಲ್ಲದು. ಮಂಗಳೂರು, ಉಡುಪಿಯ ತೇವದ ಗಾಳಿಯಲ್ಲಿ ನೀರು ಆವಿಯಾಗುವುದೇ ಕಡಿಮೆ, ಅಲ್ಲಿ ಚಿಲ್ಲರ್ ಬೇಕು. ಫ್ಯಾನ್ ಹಾಕಿದಾಗ ಆವಿಯಾದಷ್ಟು ಆರ್‌ಒ ನೀರನ್ನೇ ತುಂಬಿ, ಉಪ್ಪುನೀರು ತುಂಬಿದರೆ ಉಪ್ಪಿನಂಶ ಏರುತ್ತಾ ಹೋಗುತ್ತದೆ. ಕರೆಂಟ್ ಹೋದಾಗ ಒಂದು ವೇವ್‌ಮೇಕರ್ ಆದರೂ ಇನ್ವರ್ಟರ್ ಮೇಲೆ ಓಡುವಂತಿರಲಿ.