ಪ್ರೆಸಿಡಿಯೊ: ದಂಡು ತೆರವಾದ ನೆಲದಲ್ಲಿ ಬಾಡಿಗೆಯಿಂದ ಬದುಕುವ ಉದ್ಯಾನ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಉತ್ತರದ ಅಂಚಿನಲ್ಲಿ, ಗೋಲ್ಡನ್ ಗೇಟ್ ಸೇತುವೆಯ ಬುಡದಲ್ಲಿ ಹರಡಿಕೊಂಡಿರುವ ಪ್ರೆಸಿಡಿಯೊವನ್ನು ನೋಡಹೊರಟವರು ಟನಲ್ ಟಾಪ್ಸ್‌ನಿಂದ ಆರಂಭಿಸುವುದು ಒಳ್ಳೆಯದು. 2022ರ ಜುಲೈನಲ್ಲಿ ತೆರೆದ ಈ 14 ಎಕರೆಯ ತಾಣ ಇರುವುದು ಹೆದ್ದಾರಿಯ ಸುರಂಗಗಳ ನೆತ್ತಿಯ ಮೇಲೆ. ಹಿಂದೆ ಡಾಯ್ಲ್ ಡ್ರೈವ್ ಎಂಬ ಎತ್ತರಿಸಿದ ರಸ್ತೆಯೊಂದು ದಂಡಿನ ಪರೇಡ್ ಮೈದಾನಕ್ಕೂ ಕೊಲ್ಲಿಯ ದಡಕ್ಕೂ ನಡುವೆ ಅಡ್ಡಗೋಡೆಯಂತೆ ನಿಂತಿತ್ತು. ಭೂಕಂಪವನ್ನು ತಾಳದೆಂಬ ಭಯದಿಂದ ಅದನ್ನು ಕೆಡವಿ ಹೊಸ ರಸ್ತೆ ನಿರ್ಮಿಸುವಾಗ ಅದರ ಕೆಲವು ಭಾಗಗಳನ್ನು ಸುರಂಗದೊಳಕ್ಕೆ ಇಳಿಸಿ, ಮೇಲೆ ಮಣ್ಣು ಹೊದಿಸಿ, ಕಡಿದುಹೋಗಿದ್ದ ಇಳಿಜಾರನ್ನು ಮತ್ತೆ ಕೂಡಿಸಲಾಯಿತು. ಜೇಮ್ಸ್ ಕಾರ್ನರ್ ಫೀಲ್ಡ್ ಆಪರೇಷನ್ಸ್ ಸಂಸ್ಥೆಯ ವಿನ್ಯಾಸಕಾರರು ಇಲ್ಲಿ ಬುದ್ಧಿವಂತಿಕೆ ತೋರಿರುವುದು ಕಟ್ಟಿದ್ದರಲ್ಲಿ ಅಲ್ಲ, ಕಟ್ಟದೆ ಬಿಟ್ಟಿದ್ದರಲ್ಲಿ. ಸೇತುವೆಯ ಕಡೆಗೆ ಮುಖಮಾಡಿ ಬಾಗುವ ಕಾಲುದಾರಿ, ಗಾಳಿಗೆ ತಗ್ಗಿ ಬೆಳೆಯುವ ಗಿಡಗಳು, ಕೂರಲು ಹುಲ್ಲು, ಇಷ್ಟೇ. ಕಾಲಡಿಯಲ್ಲಿ ವಾಹನಗಳು ಓಡುತ್ತಿವೆ ಎಂಬುದನ್ನು ನೆನಪಿಸಿಕೊಳ್ಳಬೇಕಾಗುತ್ತದೆ.

1776ರಲ್ಲಿ ಸ್ಪೇನಿನವರು ಕಾವಲು ಠಾಣೆ ಸ್ಥಾಪಿಸಿದ ಈ ನೆಲ ಮುಂದೆ ಮೆಕ್ಸಿಕೋದ ಕೈಗೆ, ಆನಂತರ ಅಮೆರಿಕದ ಸೇನೆಯ ಕೈಗೆ ಬಂದು, 1994ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಉದ್ಯಾನ ಸೇವೆಗೆ ಸೇರಿತು. ಸೇನೆ ಎಂದಾದರೂ ಹೊರಟರೆ ಈ ಜಾಗ ಉದ್ಯಾನವಾಗಬೇಕೆಂದು 1972ರಷ್ಟು ಹಿಂದೆಯೇ ಕಾನೂನಿನಲ್ಲಿ ಬರೆಸಿಟ್ಟವರು ಸಂಸತ್ ಸದಸ್ಯ ಫಿಲಿಪ್ ಬರ್ಟನ್. ಆ ಒಂದು ವಾಕ್ಯ ಇಲ್ಲದಿದ್ದರೆ, ಸಮುದ್ರಕ್ಕೆ ಮುಖಮಾಡಿದ ಸುಮಾರು 1,500 ಎಕರೆ ನಗರಭೂಮಿಯ ಗತಿ ಏನಾಗುತ್ತಿತ್ತೆಂದು ಊಹಿಸಲು ಹೆಚ್ಚು ಕಲ್ಪನಾಶಕ್ತಿ ಬೇಕಿಲ್ಲ.

ಆದರೆ ನೂರಾರು ಹಳೆಯ ಕಟ್ಟಡಗಳನ್ನು ಸಾಕುವ ಖರ್ಚು ಸಣ್ಣದಲ್ಲ. 1996ರಲ್ಲಿ ಅಮೆರಿಕದ ಸಂಸತ್ತು ಪ್ರೆಸಿಡಿಯೊ ಟ್ರಸ್ಟ್ ಅನ್ನು ರಚಿಸಿ, ಕರಾವಳಿಯ ಪಟ್ಟಿಯನ್ನು ಬಿಟ್ಟು ಉಳಿದ ಸುಮಾರು ಶೇಕಡಾ 80ರಷ್ಟು ಭೂಮಿಯನ್ನು ಅದಕ್ಕೆ ವಹಿಸಿತು. ಜೊತೆಗೆ, 2013ರ ಹೊತ್ತಿಗೆ ಟ್ರಸ್ಟ್ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳದಿದ್ದರೆ ಭೂಮಿಯನ್ನು ವಿಲೇವಾರಿಗೆ ಒಪ್ಪಿಸಬೇಕೆಂಬ ಷರತ್ತನ್ನೂ ಹಾಕಿತು. ಉದ್ಯಾನದ ತಲೆಯ ಮೇಲೆ ಇಂಥ ತೂಗುಗತ್ತಿ ಕಟ್ಟಿದ್ದು ನನ್ನ ದೃಷ್ಟಿಯಲ್ಲಿ ತಪ್ಪು. ಆದರೂ ಕಟ್ಟಡಗಳು ಪಾಳು ಬೀಳದೆ ಉಳಿದದ್ದರಲ್ಲಿ ಆ ಒತ್ತಡದ ಪಾಲೂ ಇದೆ ಎಂಬುದನ್ನು ಒಪ್ಪಲೇಬೇಕು. ಅಧಿಕಾರಿಗಳ ವಸತಿಗಳು ಬಾಡಿಗೆ ಮನೆಗಳಾದವು. ಲೆಟರ್‌ಮನ್ ಸೇನಾ ಆಸ್ಪತ್ರೆಯಿದ್ದ ಜಾಗದಲ್ಲಿ 2005ರಲ್ಲಿ ಲ್ಯೂಕಸ್‌ಫಿಲ್ಮ್ ಎಂಬ ಚಲನಚಿತ್ರ ಸಂಸ್ಥೆ ತಳವೂರಿತು. ಅವಿವಾಹಿತ ಅಧಿಕಾರಿಗಳು ತಂಗುತ್ತಿದ್ದ ಪರ್ಶಿಂಗ್ ಹಾಲ್ 2012ರಲ್ಲಿ ಹೋಟೆಲ್ ಆಯಿತು. ಪರೇಡ್ ಮೈದಾನದ ಪಕ್ಕ ಸಾಲಾಗಿ ನಿಂತ ಕೆಂಪು ಇಟ್ಟಿಗೆಯ ಬ್ಯಾರಕ್‌ಗಳನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು: ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುವ ಇವುಗಳಲ್ಲೊಂದು ಈಗ ವಾಲ್ಟ್ ಡಿಸ್ನಿ ಕುಟುಂಬದ ವಸ್ತುಸಂಗ್ರಹಾಲಯ, ಆದರೆ ಹೊರಗಿನಿಂದ ಇವು ಇಂದಿಗೂ ಸಿಪಾಯಿಗಳ ಸಾಲಿನಂತೆಯೇ ಕಾಣುತ್ತವೆ. ವಾಹನ ನಿಲುಗಡೆಗೆ ಬಲಿಯಾಗಿದ್ದ ಎದುರಿನ ಮೈದಾನಕ್ಕೆ ಮತ್ತೆ ಹುಲ್ಲು ಬಂದಿದೆ.

ಬಾಡಿಗೆಯ ಲೆಕ್ಕಾಚಾರ ಎಲ್ಲವನ್ನೂ ನುಂಗಿಹಾಕಿಲ್ಲ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಕೊಲ್ಲಿಯ ದಡದ ಬಯಲಾದ ಕ್ರಿಸ್ಸಿ ಫೀಲ್ಡ್‌ನ ಎದುರು ತಮ್ಮದೊಂದು ವಸ್ತುಸಂಗ್ರಹಾಲಯ ಕಟ್ಟಲು ಲ್ಯೂಕಸ್‌ಫಿಲ್ಮ್‌ನ ಸ್ಥಾಪಕ ಜಾರ್ಜ್ ಲ್ಯೂಕಸ್ ಮುಂದೆ ಬಂದಾಗ, ಟ್ರಸ್ಟ್ 2014ರಲ್ಲಿ ಅದನ್ನೂ ಅದರೊಂದಿಗೆ ಬಂದ ಇತರ ಪ್ರಸ್ತಾವಗಳನ್ನೂ ತಿರಸ್ಕರಿಸಿತು. ಸ್ವಂತ ಕಾಲಿನ ಮೇಲೆ ನಿಂತ ಮರುವರ್ಷವೇ ಹೀಗೆ ಬೇಡವೆನ್ನುವ ಧೈರ್ಯ ಬಂದದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ.

ಕಾಡಿನ ವಿಷಯದಲ್ಲಿ ಯೋಜಕರ ಕೆಲಸ ಇನ್ನೂ ಸೂಕ್ಷ್ಮವಾದದ್ದು. ಇಲ್ಲಿನ ನೀಲಗಿರಿ, ಸೈಪ್ರೆಸ್, ಪೈನ್ ಮರಗಳು ಕಾಡಿನವಲ್ಲ. 1880ರ ದಶಕದಿಂದ ಸೇನೆ ಮರಳುದಿಬ್ಬಗಳ ಮೇಲೆ ನೆಡಿಸಿದವು. ಕೆಲವೆಡೆ ಕಾಂಡಗಳ ನಡುವೆ ಕಣ್ಣು ಹಾಯಿಸಿದರೆ ಕವಾಯತಿನ ಸಾಲುಗಳು ಸ್ಪಷ್ಟವಾಗಿ ತೆರೆದುಕೊಳ್ಳುತ್ತವೆ. ಒಟ್ಟೊಟ್ಟಿಗೆ ಹುಟ್ಟಿದ್ದರಿಂದ ಒಟ್ಟೊಟ್ಟಿಗೇ ಮುಪ್ಪಾಗುತ್ತಿರುವ ಈ ಮರಗಳನ್ನು ಪರಂಪರೆಯೆಂದು ಕಾಪಾಡುತ್ತ, ಹಂತಹಂತವಾಗಿ ಹೊಸ ಸಸಿ ನೆಡುತ್ತ, ಪಕ್ಕದಲ್ಲೇ ಮೂಲದ ಮರಳುದಿಬ್ಬದ ಸಸ್ಯಗಳಿಗೂ ಜಾಗ ಬಿಡುವುದೆಂದರೆ ಪರಸ್ಪರ ಹೊಂದದ ಎರಡು ಇತಿಹಾಸಗಳನ್ನು ಒಂದೇ ಹೊಲದಲ್ಲಿ ಬೆಳೆದಂತೆ. ಕೆಳಗೆ ಕ್ರಿಸ್ಸಿ ಫೀಲ್ಡ್‌ನಲ್ಲಿ, ಸೇನೆ ಮಣ್ಣು ತುಂಬಿ ವಿಮಾನ ಇಳಿಸುತ್ತಿದ್ದ ಪ್ರದೇಶದಲ್ಲಿ, ಉಬ್ಬರವಿಳಿತದ ಜೌಗನ್ನು ಮತ್ತೆ ಅಗೆದು 2001ರಲ್ಲಿ ತೆರೆಯಲಾಯಿತು. ಇಂದು ಅಲ್ಲಿ ಹಕ್ಕಿ ನೋಡುವವರಿಗೆ ಬಿಡುವಿಲ್ಲ. ಕಣ್ಣಿಗೆ ಬೀಳದ ಕೆಲಸವೆಂದರೆ ಸೇನೆ ಹೂತುಹಾಕಿ ಹೋದ ಕಸದ ಗುಂಡಿಗಳ ಶುದ್ಧೀಕರಣ. ಅದಕ್ಕಾಗಿ ಸೇನೆ ಸುಮಾರು 10 ಕೋಟಿ ಡಾಲರ್ ಕೊಡಬೇಕಾಯಿತು.

ಪ್ರವೇಶ ಶುಲ್ಕವಿಲ್ಲ, ನಗರದ ಮಧ್ಯಭಾಗದಿಂದ ಉಚಿತ ಬಸ್ ಇದೆ. ಬೇಸಿಗೆಯಲ್ಲೂ ಮಂಜು ಕವಿಯುವುದರಿಂದ ಬೆಚ್ಚನೆಯ ಉಡುಪು ಬೇಕು. ಒಳಗೆ ಬಾಳುವ ಭಾಗ್ಯ ಮಾತ್ರ ಮಾರುಕಟ್ಟೆ ದರದ ಬಾಡಿಗೆ ಕೊಡಬಲ್ಲವರಿಗೇ ಹೆಚ್ಚು. ಸಾರ್ವಜನಿಕ ಭೂಮಿಯಲ್ಲಿ ಇದೊಂದು ಕೊರತೆಯೇ ಸರಿ, ಮತ್ತು ಅದರ ಬೇರು ಆ 1996ರ ಷರತ್ತಿನಲ್ಲಿದೆ.

ನಾನು ಹೆಚ್ಚು ಹೊತ್ತು ಯೋಚಿಸಿದ್ದು ನೋಡಲಾಗದ ಒಂದು ಗಿಡದ ಬಗ್ಗೆ. 1940ರ ದಶಕದಲ್ಲೇ ಕಾಡಿನಲ್ಲಿ ಅಳಿಯಿತೆಂದು ಭಾವಿಸಿದ್ದ ಫ್ರಾನ್ಸಿಸ್ಕನ್ ಮಂಜನೀಟಾ ಎಂಬ ಪೊದೆ, 2009ರಲ್ಲಿ ಡಾಯ್ಲ್ ಡ್ರೈವ್ ಕಾಮಗಾರಿಗೆಂದು ಸುತ್ತಲಿನ ಮರ ಕಡಿದಾಗ ರಸ್ತೆಯ ನಡುವಿನ ತುಂಡುನೆಲದಲ್ಲಿ ಕಾಣಿಸಿಕೊಂಡಿತು. ಮರುವರ್ಷದ ಜನವರಿಯಲ್ಲಿ ಬೇರಿನ ಮಣ್ಣಿನ ಸಮೇತ ಅದನ್ನು ಎತ್ತಿ ಪ್ರೆಸಿಡಿಯೊದೊಳಗೇ ಬೇರೊಂದೆಡೆ ನೆಟ್ಟರು. ಉದ್ಯಾನದ ಉದ್ದಗಲಕ್ಕೂ ಮಾಹಿತಿ ಫಲಕಗಳಿವೆ. ಆ ಗಿಡದ ಜಾಗವನ್ನು ಮಾತ್ರ ಬಹಿರಂಗಪಡಿಸಿಲ್ಲ.