ಫುಲ್ ಸ್ಕ್ರೀನ್‌ನಲ್ಲಿ ಉಬುಂಟು: ಸ್ಕೇಲ್ಡ್ ಮೋಡ್ ಸಾಕಾ, ಗೆಸ್ಟ್ ಅಡಿಷನ್ಸ್ ಬೇಕಾ?

ವರ್ಚುವಲ್‌ಬಾಕ್ಸ್ ಅಂದರೆ ನಿಮ್ಮ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ. ಅದರಲ್ಲಿ ಉಬುಂಟು ಎಂಬ ಆಪರೇಟಿಂಗ್ ಸಿಸ್ಟಂ ಹಾಕಿ ಫುಲ್ ಸ್ಕ್ರೀನ್ ಮಾಡಿದರೆ ಸುತ್ತ ಕಪ್ಪು, ನಡುವೆ ಪುಟ್ಟ ಡೆಸ್ಕ್‌ಟಾಪ್. ನಿಮಗೂ ಹೀಗೇ ಆಗಿದೆ ಅಲ್ವಾ?

ಸ್ಕೇಲ್ಡ್ ಮೋಡ್ ಸುಲಭ. ಬಲಗಡೆಯ ಕಂಟ್ರೋಲ್ ಕೀ ಜೊತೆ ಸಿ ಒತ್ತಿ, ವಿಂಡೋ ದೊಡ್ಡದು ಮಾಡಿದರೆ ಆಯಿತು. ಆದರೆ ಅದು ಚಿತ್ರವನ್ನು ಸುಮ್ನೆ ಹಿಗ್ಗಿಸುತ್ತದೆ. 1024×768ರ ಚಿತ್ರವನ್ನು 1920×1080ಕ್ಕೆ ಎಳೆದರೆ ಅಕ್ಷರದ ಅಂಚೆಲ್ಲ ಮಸುಕು. ಕನ್ನಡದ ಒತ್ತಕ್ಷರ ಓದುವುದಂತೂ ಕಣ್ಣಿಗೆ ಹಿಂಸೆ. ಒಂದು ಸಂಜೆ ಉಬುಂಟು ನೋಡಿ ಬಿಡುವವರಿಗೆ ಇಷ್ಟು ಸಾಕು.

ದಿನಾ ಕೆಲಸ ಮಾಡುವವರು ಗೆಸ್ಟ್ ಅಡಿಷನ್ಸ್ (ಉಬುಂಟು ಒಳಗೆ ಹಾಕುವ, ವರ್ಚುವಲ್‌ಬಾಕ್ಸ್‌ನದೇ ಡ್ರೈವರ್‌ಗಳ ಕಟ್ಟು) ಹಾಕಿಕೊಳ್ಳಿ. ಸಮಯ ಸ್ವಲ್ಪ ಜಾಸ್ತಿ ಬೇಕು, ನಿಜ. ಡಿವೈಸಸ್ ಮೆನುವಿನಿಂದ ಅದರ ಸಿಡಿ ಇಮೇಜ್ (ನಿಜವಾದ ಸಿಡಿ ಅಲ್ಲ, ಫೈಲ್) ಸೇರಿಸಿ, ಇನ್‌ಸ್ಟಾಲ್ ಮಾಡಿ, ರೀಸ್ಟಾರ್ಟ್ ಮಾಡಿ. ಆಗ ಉಬುಂಟುವೇ ನಿಮ್ಮ ಪರದೆಯ ಅಳತೆಗೆ ಹೊಂದಿಕೊಳ್ಳುತ್ತದೆ, ಅಕ್ಷರಗಳು ಚೂಪಾಗಿ ಕಾಣುತ್ತವೆ. ಆಗಲೂ ಸರಿಹೋಗದಿದ್ದರೆ ಉಬುಂಟು ಇರುವ ವರ್ಚುವಲ್ ಮೆಷಿನ್ ಆಫ್ ಮಾಡಿ, ವರ್ಚುವಲ್‌ಬಾಕ್ಸ್‌ನಲ್ಲಿ ಅದರ ಸೆಟ್ಟಿಂಗ್ಸ್‌ಗೆ ಹೋಗಿ ಗ್ರಾಫಿಕ್ಸ್ ಕಂಟ್ರೋಲರ್ ಎಂಬಲ್ಲಿ ವಿಎಂಎಸ್‌ವಿಜಿಎ (VMSVGA) ಇದೆಯಾ ನೋಡಿ, ವಿಡಿಯೋ ಮೆಮೊರಿಯನ್ನು 128 ಎಂಬಿಗೆ ಏರಿಸಿ.